ತೂಕ ಇಳಿಸುವ ಸೂಜಿ ನಿಲ್ಲಿಸುವಾಗ: ಯಾವ ದಾರಿ ಮೇಲು?

ಹಸಿವು ತಗ್ಗಿಸುವ ಔಷಧ ಸೆಮಾಗ್ಲುಟೈಡ್‌ನ ಸೂಜಿಯಿಂದ ತೂಕ ಇಳಿದ ಮೇಲೆ ಮುಂದಿರುವ ದಾರಿ ಮೂರು: ಒಮ್ಮೆಗೇ ಬಿಡುವುದು, ಡೋಸ್ ಇಳಿಸುತ್ತಾ ಬಿಡುವುದು, ಬಿಡದೆ ಕಡಿಮೆ ಡೋಸ್‌ನಲ್ಲೇ ಉಳಿಯುವುದು. ಮೂರನ್ನೂ ನೋಡಿದ ಮೇಲೆ ನಮ್ಮ ಮತ ಎರಡನೆಯದಕ್ಕೆ. ಆದರೆ ಕೊನೆಯ ಸೂಜಿಗೆ ಮೂರು ತಿಂಗಳು ಮೊದಲೇ ತಟ್ಟೆ ಬದಲಾಗಿರಬೇಕು.

ಒಮ್ಮೆಗೇ ಬಿಟ್ಟರೆ ಮೊದಲ ಎರಡು ವಾರ ಅಂಥದ್ದೇನೂ ಗೊತ್ತಾಗುವುದಿಲ್ಲ, ಜನ ಮೋಸಹೋಗುವುದೇ ಅಲ್ಲಿ. ಔಷಧ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು, ಪೂರ್ತಿ ಹೋಗಲು ಐದರಿಂದ ಏಳು ವಾರ. ಹಸಿವು ಹಿಡಿತಕ್ಕೆ ಬಂತೆಂದು ಊಟದ ಅಳತೆ ಬಿಟ್ಟ ಹೊತ್ತಿಗೆ ಸರಿಯಾಗಿ ಅದು ತಿರುಗಿ ಬರುತ್ತದೆ. 2022ರಲ್ಲಿ ಪ್ರಕಟವಾದ, ಇದೇ ಔಷಧದ ಸ್ಟೆಪ್ 1 ಪ್ರಯೋಗದ ವಿಸ್ತರಣಾ ಅಧ್ಯಯನದಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 17.3 ತೂಕ ಇಳಿಸಿದ್ದವರು, ಸೂಜಿಯೂ ಊಟ-ವ್ಯಾಯಾಮದ ಸಲಹೆಯೂ ನಿಂತ ಒಂದು ವರ್ಷದಲ್ಲಿ ಅದರ ಮೂರನೇ ಎರಡು ಪಾಲನ್ನು ಮತ್ತೆ ಏರಿಸಿಕೊಂಡರು. ಇದನ್ನು ಮನಸ್ಸಿನ ದೌರ್ಬಲ್ಯ ಎನ್ನುವುದು ಅನ್ಯಾಯ. ತೂಕ ಇಳಿದ ದೇಹ ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ಖರ್ಚನ್ನು ತಗ್ಗಿಸುತ್ತದೆ.

ಇಳಿಸುತ್ತಾ ಬಿಡುವುದೆಂದರೆ ವೈದ್ಯರ ಲೆಕ್ಕದಲ್ಲಿ 2.4 ಮಿ.ಗ್ರಾಂನಿಂದ 1.7, 1, 0.5, 0.25 ಹೀಗೆ, ಒಂದೊಂದು ಮೆಟ್ಟಿಲಿಗೆ ಒಂದು ತಿಂಗಳು. ಹಸಿವು ಕಂತುಕಂತಾಗಿ ಬರುತ್ತದೆ. ಸಂಜೆ ನಾಲ್ಕರ ಚುರುಮುರಿ ಆಸೆ ಯಾವ ಡೋಸ್‌ನಲ್ಲಿ ಶುರುವಾಯಿತೆಂದು ಕಾಣುತ್ತದೆ. ತಡೆಯಲಾಗದಿದ್ದರೆ ಆ ಮೆಟ್ಟಿಲಲ್ಲೇ ನಿಲ್ಲಿ. ಅದೇ ಮೂರನೇ ದಾರಿ. ತೂಕ ಉಳಿಸುವುದರಲ್ಲಿ ಅದು ಗಟ್ಟಿ, ಆದರೆ ಖರ್ಚು ನಿಲ್ಲುವುದಿಲ್ಲ.

ಇನ್ನು ತಟ್ಟೆ. ಮೂತ್ರಪಿಂಡದ ತೊಂದರೆ ಇಲ್ಲದ 75 ಕಿಲೋ ವ್ಯಕ್ತಿಗೆ, ಕಿಲೋಗೆ 1.2 ಗ್ರಾಂನಂತೆ ದಿನಕ್ಕೆ 90 ಗ್ರಾಂ ಪ್ರೋಟೀನ್ ಇಟ್ಟುಕೊಳ್ಳಿ. ಎರಡು ಇಡ್ಲಿ, ಕಾಯಿ ಚಟ್ನಿಯ ತಿಂಡಿಯಲ್ಲಿ ಸಿಗುವುದು ಐದಾರು ಗ್ರಾಂ ಮಾತ್ರ. ಹನ್ನೊಂದಕ್ಕೇ ಹೊಟ್ಟೆ ಕೇಳುತ್ತದೆ. ಎರಡು ಮೊಟ್ಟೆ 12, ಒಣ ತೂಕದಲ್ಲಿ 50 ಗ್ರಾಂ ಮೊಳಕೆ ಹೆಸರುಕಾಳು 12, ಅಷ್ಟೇ ಸೋಯಾ ಚಂಕ್ಸ್ 26, ಅಷ್ಟೇ ಹುರುಳಿಕಾಳು 11, ನೂರು ಗ್ರಾಂ ಪನೀರ್ 18, ಎರಡು ಬಟ್ಟಲು ಮೊಸರು 7. ಮುದ್ದೆ, ಅನ್ನದ್ದು ಸೇರಿ ಲೆಕ್ಕ ಕೂಡುತ್ತದೆ. ಸಾರಿನ ತಿಳಿಯನ್ನಷ್ಟೇ ಬಡಿಸಿಕೊಂಡರೆ ಕಾಳು ಪಾತ್ರೆಯ ತಳದಲ್ಲೇ ಉಳಿಯುತ್ತದೆ.

ಸೂಜಿಯಿಂದ ಕೊಬ್ಬಿನ ಜತೆ ಸ್ನಾಯುವೂ ಕರಗಿರುತ್ತದೆ. ನಡಿಗೆಯೊಂದೇ ಅದನ್ನು ತುಂಬಿಕೊಡದು. ವಾರಕ್ಕೆ ಎರಡು ಮೂರು ದಿನ ಬಸ್ಕಿ, ಗೋಡೆಗೆ ಒರಗಿ ದಂಡ, ಡಂಬೆಲ್ ಬೇಕು. ಕೋಪನ್‌ಹೇಗನ್ ಅಧ್ಯಯನವೊಂದರಲ್ಲಿ ಇದೇ ಬಗೆಯ ಇನ್ನೊಂದು ಸೂಜಿಯಾದ ಲಿರಾಗ್ಲುಟೈಡ್ ಜತೆ ವ್ಯಾಯಾಮವನ್ನೂ ಮಾಡಿದವರು, ಎರಡೂ ನಿಂತ ಒಂದು ವರ್ಷದ ಮೇಲೂ ಬರೀ ಸೂಜಿಯವರಿಗಿಂತ ಚೆನ್ನಾಗಿ ತೂಕ ಉಳಿಸಿಕೊಂಡಿದ್ದರು.

ತೂಕವನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ, ವಾರದ ಸರಾಸರಿ ಬರೆದಿಡಿ. ಉಪ್ಪಿನಕಾಯಿ ಊಟದ ಮರುದಿನದ ಒಂದು ಕಿಲೋ ಬರೀ ನೀರು. ಸರಾಸರಿಯೇ ಎರಡು ಕಿಲೋ ಏರಿದರೆ ವೈದ್ಯರ ಬಳಿ ಹೋಗಿ. ಫ್ರಿಜ್ಜಿನಲ್ಲಿ ಉಳಿದ 2.4ರ ಪೆನ್ ಚುಚ್ಚಿಕೊಳ್ಳಬೇಡಿ, ತಿಂಗಳುಗಟ್ಟಲೆ ಬಿಟ್ಟವರಿಗೆ ಆ ಡೋಸ್ ವಿಪರೀತ ವಾಂತಿ ತರಬಹುದು. ಸಾಮಾನ್ಯವಾಗಿ ಮತ್ತೆ 0.25ರಿಂದಲೇ ಹತ್ತಬೇಕು. ಸಕ್ಕರೆ ಕಾಯಿಲೆ ಇರುವವರಂತೂ ಯಾವ ದಾರಿಯನ್ನೂ ತಾವಾಗಿ ಹಿಡಿಯಬಾರದು, ಸೂಜಿ ನಿಂತರೆ ಅವರ ಉಳಿದ ಮಾತ್ರೆಗಳ ಲೆಕ್ಕವೂ ಬದಲಾಗುತ್ತದೆ.