ಗ್ಯಾಸ್ಟ್ರಿಕ್ ‘ಬೇರುಸಮೇತ’ ತೆಗೀತೀವಿ ಅಂತ ಫೋನ್ ಬಂದರೆ ಇಟ್ಟುಬಿಡಿ

ಎದೆಯುರಿ, ಹುಳಿತೇಗು, ರಾತ್ರಿ ಮಲಗಿದರೆ ಗಂಟಲಿಗೆ ಬರುವ ಹುಳಿನೀರು. ಇದೆಲ್ಲ ಇರುವವರು ದಯವಿಟ್ಟು ಇದನ್ನು ಓದಿ. ‘ನೂರಕ್ಕೆ ನೂರು ನೈಸರ್ಗಿಕ, ಜೀವನಪೂರ್ತಿ ಮಾತ್ರೆ ಬೇಡ’ ಅಂತ ಮೊಬೈಲಿನಲ್ಲಿ ಜಾಹೀರಾತು ಬರುತ್ತಲ್ಲ, ಅದರಲ್ಲಿ ನಿಮ್ಮ ನಂಬರ್ ಹಾಕಬೇಡಿ. ಹಾಕಿದಿರೋ, ಮುಗೀತು. ನನಗೆ ಹತ್ತು ಸಾವಿರಕ್ಕಿಂತ ಜಾಸ್ತಿ ಹೋಗಿದೆ. ದುಡ್ಡು ಹಾಳಾಗಿ ಹೋಗಲಿ, ಬಿಪಿ ಏರಿಸಿಕೊಂಡು ಕೂತೆನಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತಿದೆ. ಹೌದು, ಇದು ಬೇರೆ ಉರಿ.

ನಾನು ದಾವಣಗೆರೆಯವನು. ಮಿರ್ಚಿ ಮಂಡಕ್ಕಿ, ಬೆಣ್ಣೆ ದೋಸೆ ಊರಿನಲ್ಲಿ ಹೊಟ್ಟೆ ಕಾಪಾಡಿಕೊಳ್ಳುವುದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಡಾಕ್ಟರ್ ಎಂಡೋಸ್ಕೋಪಿ ಮಾಡಿಸಿ, ಹೊಟ್ಟೆ ಬಾಗಿಲು ಸಡಿಲ ಆಗಿದೆ, ಆಸಿಡ್ ಮೇಲಕ್ಕೆ ಬರ್ತಿದೆ ಅಂತ ಪ್ಯಾಂಟೊಪ್ರಜೋಲ್ 40 ಅನ್ನುವ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟಿದ್ದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ, ತಿಂಡಿಗೆ ಅರ್ಧ ಗಂಟೆ ಮೊದಲು. ಚೆನ್ನಾಗಿಯೇ ಇದ್ದೆ. ಆದರೆ ವರ್ಷಗಟ್ಟಲೆ ಮಾತ್ರೆ ನುಂಗುವುದು ಯಾರಿಗೆ ಇಷ್ಟ ಹೇಳಿ? ಈ ಜನ ಹಿಡಿಯುವುದೇ ಅಲ್ಲಿ.

ನಂಬರ್ ಹಾಕಿದ ಹತ್ತೇ ನಿಮಿಷಕ್ಕೆ ಫೋನ್. ಒಳ್ಳೆ ಸಕ್ಕರೆಯಂಥ ಮಾತಿನ ಹುಡುಗಿ. ‘ಸರ್, ನಾನು ಆರೋಗ್ಯ ಸಲಹೆಗಾರ್ತಿ. ಊಟ ಎಷ್ಟು ಗಂಟೆಗೆ ಮಾಡ್ತೀರಿ ಸರ್? ಮೋಷನ್ ಸರಿ ಆಗುತ್ತಾ ಸರ್?’ ಡಾಕ್ಟರ್ ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸ್ತಾರೆ, ಈಕೆ ಎಷ್ಟು ನಿಧಾನವಾಗಿ ಕೇಳ್ತಾಳಲ್ಲ ಅನ್ನಿಸಿತು. ಬಿಪಿ ಮಾತ್ರೆ ತಗೋತೀನಿ ಅಂತಲೂ ಹೇಳಿದೆ. ‘ಏನೂ ತೊಂದರೆ ಇಲ್ಲ ಸರ್, ಇದು ಬರೀ ಗಿಡಮೂಲಿಕೆ’ ಅಂದಳು. ಆಮೇಲೆ ಹೇಳಿದ್ದು ಕೇಳಿ: ‘ಆ ಗ್ಯಾಸ್ಟ್ರಿಕ್ಕಿನ ಇಂಗ್ಲಿಷ್ ಮಾತ್ರೆ ಇವತ್ತಿಂದಲೇ ಬಿಟ್ಟುಬಿಡಿ ಸರ್. ಅದು ಇದ್ದರೆ ನಮ್ಮ ಚೂರ್ಣ ಕೆಲಸ ಮಾಡಲ್ಲ.’

3,499 ರೂಪಾಯಿ. ಪಾರ್ಸೆಲ್ ತಂದವನ ಕೈಗೇ ದುಡ್ಡು. ಹಸಿರು ಡಬ್ಬಿ, ಮೇಲೆ ಋಷಿಯ ಚಿತ್ರ, ಜೊತೆಗೊಂದು ಡಯಟ್ ಚಾರ್ಟ್. ಊಟ ಆದಮೇಲೆ ಒಂದೊಂದು ಚಮಚ ಬಿಸಿನೀರಿನಲ್ಲಿ.

ಮೊದಲು ಎಂಥ ಆರಾಮ ಅಂತೀರಿ! ಕುಡಿದ ಐದು ನಿಮಿಷಕ್ಕೆ ದೊಡ್ಡದೊಂದು ತೇಗು, ಎದೆ ಹಗುರ. ನಾನೇ ಇನ್ನಿಬ್ಬರಿಗೆ ಹೇಳಿದೆ. ಆಫೀಸಿನಲ್ಲಿ ಈಗ ಅವರ ಮುಖ ನೋಡೋಕೆ ನಾಚಿಕೆ.

ಆಮೇಲೆ ಶುರುವಾಯಿತು. ಉರಿ ಮೊದಲಿದ್ದದ್ದರ ಎರಡರಷ್ಟು. ರಾತ್ರಿ ಎದ್ದು ಕೂರುವುದು, ಗಂಟಲು ಸುಟ್ಟ ಹಾಗೆ, ಕೆಮ್ಮು. ಫೋನ್ ಮಾಡಿದರೆ ಬಂದ ಉತ್ತರ: ‘ತುಂಬಾ ಒಳ್ಳೇದು ಸರ್! ಇಷ್ಟು ವರ್ಷದ ಮಾತ್ರೆಯ ವಿಷ ಹೊರಗೆ ಬರ್ತಿದೆ.’ ವಿಷವಂತೆ! ನಿಜ ಏನು ಅಂತ ಆಮೇಲೆ ಡಾಕ್ಟರ್ ಹೇಳಿದರು. ಈ ಮಾತ್ರೆ ಹೊಟ್ಟೆಯಲ್ಲಿ ಆಸಿಡ್ ತಯಾರಾಗುವುದನ್ನೇ ತಡೆಯುತ್ತದೆ. ತುಂಬಾ ದಿನ ತಗೊಂಡು ಒಂದೇ ಸಲ ನಿಲ್ಲಿಸಿದರೆ ಆಸಿಡ್ ಮೊದಲಿಗಿಂತ ಜಾಸ್ತಿ ಉಕ್ಕಿ ಬರಬಹುದು, ಕೆಲವು ವಾರ ಹಾಗೇ ಇರಬಹುದು. ಬಿಡಲೇಬೇಕು ಅಂದರೆ ಡಾಕ್ಟರ್ ಡೋಸ್ ಇಳಿಸುತ್ತಾ ಬಿಡಿಸುತ್ತಾರೆ. ಅಂದರೆ ಇವರೇ ಮಾತ್ರೆ ಬಿಡಿಸಿ ಉರಿ ಹೆಚ್ಚಿಸಿದ್ದು, ಆ ಉರಿ ತೋರಿಸಿಯೇ ಇನ್ನೊಂದು ಕಿಟ್ ಮಾರಿದ್ದು. ‘ನಿಮ್ಮದು ಹಳೇ ಕೇಸು ಸರ್, ಗೋಲ್ಡ್ ಕಿಟ್ ಬೇಕು.’ 6,999.

ಗೋಲ್ಡ್ ಕಿಟ್ ಅಂದರೆ ಅದೇ ಚೂರ್ಣ ಎರಡು ಡಬ್ಬಿ, ಜೊತೆಗೆ ಆಪಲ್ ಸೈಡರ್ ವಿನೆಗರ್ ಬಾಟಲಿ. ‘ಹೊಟ್ಟೇಲಿ ಆಸಿಡ್ ಕಡಿಮೆ ಆಗಿರೋದಕ್ಕೇ ಉರಿ ಸರ್.’ ಹಾಗಾದರೆ ಇಷ್ಟು ದಿನ ಆಸಿಡ್ ಇಳಿಸುವ ಚೂರ್ಣ ಯಾಕೆ ಕೊಟ್ಟಿರಿ? ಆಗ ಕೇಳೋಕೆ ಹೊಳೆಯಲೇ ಇಲ್ಲ.

ಗೊತ್ತಾಗಿದ್ದು ಅಡುಗೆಮನೆಯಲ್ಲಿ. ಲೋಟಕ್ಕೆ ವಿನೆಗರ್ ಹಾಕಿಟ್ಟಿದ್ದೆ. ಪಕ್ಕದಲ್ಲಿ ಚಮಚದಿಂದ ಚೂರ್ಣ ತೆಗೆಯುವಾಗ ಒಂದಿಷ್ಟು ಅದಕ್ಕೇ ಬಿತ್ತು. ಬುಸ್ ಅಂತ ಎದ್ದಿತು ನೋಡಿ! ಕಂದು ನೊರೆ ಲೋಟ ತುಂಬಿ, ಕಟ್ಟೆ ಮೇಲೆಲ್ಲ ಹರಿದು, ಗ್ಯಾಸ್ ಸ್ಟವ್ ಅಡಿಗೆ ಹೋಯಿತು. ನನ್ನ ಹೆಂಡತಿ ಡಬ್ಬಿ ತಗೊಂಡು ಚಿಟಿಕೆ ನಾಲಿಗೆಗೆ ಹಚ್ಚಿ ನೋಡಿದಳು. ‘ಏನ್ರೀ ಇದು, ಅಡುಗೆ ಸೋಡಾ! ಇದಕ್ಕೆ ಏಳು ಸಾವಿರ ಕೊಟ್ರಾ?’ ಬಜ್ಜಿ ಹಿಟ್ಟಿಗೆ ಹಾಕುವ ಸೋಡಾ ಗುರುತು ಹಿಡಿಯೋಕೆ ಅವಳಿಗೆ ಲ್ಯಾಬ್ ಬೇಕಾ? ನಾನು ಬಟ್ಟೆ ಹಿಡಿದು ಕಟ್ಟೆ ಒರೆಸುತ್ತಾ ನಿಂತೆ.

ಫೋನ್ ಮಾಡಿದೆ. ಈ ಸಲ ಹುಡುಗಿ ಅಲ್ಲ, ‘ಸೀನಿಯರ್ ವೈದ್ಯರು’ ಅಂತ ಒಬ್ಬ ಮಾತಾಡಿದ. ‘ಸರ್, ಅದು ಶಂಖಭಸ್ಮ. ಅದಕ್ಕೇ ನೊರೆ ಬರುತ್ತೆ.’ ಒಂದು ಕ್ಷಣ ಸುಮ್ಮನಾದೆ. ಶಂಖ ಸುಟ್ಟು ಮಾಡುವ ಈ ಪುಡಿಯನ್ನು ಆಯುರ್ವೇದದಲ್ಲಿ ಆಮ್ಲಪಿತ್ತಕ್ಕೆ, ಅಂದರೆ ಇದೇ ಹುಳಿತೇಗು, ಎದೆಯುರಿಗೆ ಕೊಡುವುದು ನಿಜ. ಹುಳಿಗೆ ಹಾಕಿದರೆ ಅದೂ ನೊರೆ ಬರುತ್ತೆ. ಪಕ್ಕದಲ್ಲಿ ಪಿಯುಸಿ ಸೈನ್ಸ್ ಓದುವ ಮಗಳು ಕೇಳಿಸಿಕೊಳ್ಳುತ್ತಿದ್ದಳು. ‘ಅಪ್ಪಾ, ಶಂಖ ನೀರಲ್ಲಿ ಕರಗಲ್ಲ’ ಅಂದಳು. ಚೂರ್ಣವನ್ನು ನೀರಿಗೆ ಹಾಕಿ ಕಲಕಿ, ಗಸಿ ಕೆಳಗೆ ಕೂತಮೇಲೆ ಮೇಲಿನ ತಿಳಿನೀರನ್ನು ಬಟ್ಟೆಯಲ್ಲಿ ಸೋಸಿ, ಅದಕ್ಕೆ ವಿನೆಗರ್ ಹಾಕಿದಳು. ಬುಸ್! ಶಂಖ ಆಗಿದ್ದರೆ ಗಸಿಯಲ್ಲೇ ಉಳಿಯುತ್ತಿತ್ತು, ತಿಳಿನೀರಲ್ಲಿ ಕರಗಿ ಬಂದದ್ದು ಸೋಡಾನೇ.

ಅವನಿಗೆ ಹೇಳಿದೆ. ‘ಶಂಖಭಸ್ಮ ಇದ್ದರೆ ಡಬ್ಬಿ ಮೇಲೆ ಯಾಕೆ ಬರೆದಿಲ್ಲ? ಔಷಧ ಆಗಿದ್ದರೆ ಆಯುರ್ವೇದ ಔಷಧದ ಲೈಸೆನ್ಸ್ ನಂಬರ್ ಎಲ್ಲಿ?’ ಡಬ್ಬಿ ಮೇಲೆ ಇದ್ದದ್ದು ಎಫ್‌ಎಸ್‌ಎಸ್‌ಎಐ 14 ಅಂಕಿಯ ನಂಬರ್. ಅದು ಆಹಾರದ ಲೈಸೆನ್ಸ್ ಸ್ವಾಮಿ, ಬಿಸ್ಕತ್ ಪ್ಯಾಕೆಟ್ ಮೇಲೂ ಇರುತ್ತದೆ. ತಿರುಗಿಸಿ ನೋಡಿದರೆ ಇರುವೆ ಗಾತ್ರದ ಅಕ್ಷರದಲ್ಲಿ ‘ನಾಟ್ ಫಾರ್ ಮೆಡಿಸಿನಲ್ ಯೂಸ್’. ಔಷಧವಾಗಿ ಬಳಸಬೇಡಿ ಅಂತ ಅವರೇ ಬರೆದಿದ್ದಾರೆ! ಫೋನಿನಲ್ಲಿ ರೋಗ ವಾಸಿ, ಡಬ್ಬಿಯಲ್ಲಿ ಔಷಧವೇ ಅಲ್ಲ.

ಇಷ್ಟು ಕೇಳಿದ ಮೇಲೆ ‘ಸರ್’ ಹೋಯಿತು. ‘ನೋಡ್ರೀ, ನಂಬಿಕೆ ಇಲ್ಲದವರಿಗೆ ಯಾವ ಔಷಧಾನೂ ಕೆಲಸ ಮಾಡಲ್ಲ.’ ದುಡ್ಡು ವಾಪಸ್ ಕೊಡಿ ಅಂದರೆ ‘ಸೀಲ್ ಒಡೆದಿದ್ದೀರಿ.’ ಸೀಲ್ ಒಡೆಯದೆ ಹೇಗಪ್ಪಾ ಕುಡಿಯಲಿ? ಮಾರನೇ ದಿನ ಮತ್ತೆ ಅದೇ ಹುಡುಗಿ, ಅದೇ ಸಕ್ಕರೆ ಮಾತು. ‘ನಿಮಗೆ ಗುಣ ಆಯ್ತು ಅಂತ ಒಂದು ಸಣ್ಣ ವಿಡಿಯೋ ಮಾಡಿ ಕಳಿಸಿ ಸರ್, 500 ರೂಪಾಯಿ ವಾಪಸ್ ಹಾಕಿಸ್ತೀನಿ.’ ಜಾಹೀರಾತಿನಲ್ಲಿ ಕೈ ಮುಗಿದು ‘ನನಗೆ ಮರುಜನ್ಮ’ ಅನ್ನುವ ಅಜ್ಜಂದಿರು ಎಲ್ಲಿಂದ ಬರ್ತಾರೆ ಅಂತ ಅವತ್ತು ಗೊತ್ತಾಯಿತು.

ಡಾಕ್ಟರ್ ಹತ್ತಿರ ಹೋದಾಗ ಬಿಪಿ ನೋಡಿ ಅವರೇ ಇನ್ನೊಂದು ಸಲ ಪಟ್ಟಿ ಕಟ್ಟಿದರು. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇರುತ್ತದಂತೆ, ಅಂದರೆ ಬಿಪಿಯವರು ಕಡಿಮೆ ಮಾಡಬೇಕಾದ ಉಪ್ಪಿನ ಅಂಶ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 2,000 ದಾಟಬೇಡಿ ಅನ್ನುತ್ತದೆ. ನಾನು ಉಪ್ಪಿನಕಾಯಿ ಬಿಟ್ಟು ಇದನ್ನು ಕುಡಿಯುತ್ತಿದ್ದೆ! ಡಬ್ಬಿಯ ಪಟ್ಟಿಯಲ್ಲಿ ಮೊದಲಿಗೆ ಇದ್ದ ಜೇಷ್ಠಮಧು ಕೂಡ ಜಾಸ್ತಿ ದಿನ ತಗೊಂಡರೆ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಪುದೀನ ಬೇರೆ ಇತ್ತು. ಅದು ಹೊಟ್ಟೆ ಬಾಗಿಲನ್ನು ಇನ್ನೂ ಸಡಿಲ ಮಾಡಬಹುದಂತೆ. ಲ್ಯಾಬ್ ರಿಪೋರ್ಟ್ ನನ್ನ ಹತ್ತಿರ ಇಲ್ಲ, ಯಾವುದರಿಂದ ಎಷ್ಟು ಏರಿತು ಅಂತ ಲೆಕ್ಕ ಹೇಳಲಾರೆ. ಆದರೆ ಬಿಪಿ ಇದೆ ಅಂತ ಬಾಯಿಬಿಟ್ಟು ಹೇಳಿದ್ದೆನಲ್ಲ!

ಆಯುರ್ವೇದ ಬೈತಿದ್ದೇನೆ ಅಂದುಕೊಳ್ಳಬೇಡಿ. ನಮ್ಮ ಬೀದಿಯ ಆಯುರ್ವೇದ ಡಾಕ್ಟರ್ ನನಗಿಂತ ಜಾಸ್ತಿ ಬೈದರು. ‘ನಾಡಿ ಹಿಡಿಯದೆ, ಬಿಪಿ ನೋಡದೆ, ಫೋನಲ್ಲಿ ಮಾತ್ರೆ ಬಿಡಿಸೋನು ಯಾವ ವೈದ್ಯ?’ ಅಂದರು.

ನೈಸರ್ಗಿಕ ಅಂದರೆ ಈಗ ನಾನು ಮಾಡುತ್ತಿರುವುದು, ಬಿಟ್ಟಿ. ರಾತ್ರಿ ಊಟ ಮಲಗುವುದಕ್ಕೆ ಮೂರು ಗಂಟೆ ಮೊದಲು. ಮಂಚದ ತಲೆ ಕಡೆ ಕಾಲಿಗೆ ಇಟ್ಟಿಗೆ ಕೊಟ್ಟು ಆರು ಇಂಚು ಎತ್ತರಿಸಿದ್ದೇನೆ. ದಿಂಬಿನ ಮೇಲೆ ದಿಂಬು ಇಟ್ಟರೆ ಆಗಲ್ಲ, ಹೊಟ್ಟೆ ಮಡಚುತ್ತೆ ಅಷ್ಟೇ. ಎಡಕ್ಕೆ ತಿರುಗಿ ಮಲಗುವುದು. ಖಾಲಿ ಹೊಟ್ಟೆಯ ಕಾಫಿ ಬಂದ್. ಹೊಟ್ಟೆ ಬೊಜ್ಜು ಇಳಿಸಿ ಅಂದಿದ್ದಾರೆ, ಅದು ನಿಧಾನ. ಮಾತ್ರೆ ಮತ್ತೆ ಶುರು, ಕಡಿಮೆ ಮಾಡುವುದು ಡಾಕ್ಟರ್ ಕೆಲಸ. ನುಂಗಿದ್ದು ಸಿಕ್ಕಿಕೊಂಡರೆ, ಮಲ ಕಪ್ಪಗಾದರೆ, ಸುಮ್ನೆ ತೂಕ ಇಳಿದರೆ ಮನೆಮದ್ದು ಅಂತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಮೊದಲು ಕೇಳಿದ್ದೇ ಬಿಲ್ ಮತ್ತು ಕಳಿಸಿದವರ ವಿಳಾಸ. ಮೊದಲ ಪಾರ್ಸೆಲ್ಲಿನ ಕವರ್ ಕಸದ ಗಾಡಿಗೆ ಹೋಗಿದೆ, ಎರಡನೆಯದು ಹೇಗೋ ಸಿಕ್ಕಿತು. ನೀವು ಈಗಾಗಲೇ ತರಿಸಿದ್ದರೆ ಡಬ್ಬಿ, ಕವರ್, ಅವರ ಮೆಸೇಜ್ ಒಂದನ್ನೂ ಬಿಸಾಡಬೇಡಿ, ಫೋಟೋ ತೆಗೆದಿಡಿ. ಪಾರ್ಸೆಲ್ ಇನ್ನೂ ದಾರಿಯಲ್ಲಿದ್ದರೆ ಬಾಗಿಲಲ್ಲೇ ಬೇಡ ಅಂತ ವಾಪಸ್ ಕಳಿಸಿ. ದುಡ್ಡು ಕೈಬಿಟ್ಟ ಮೇಲೆ ಆ ಹುಡುಗಿ ಫೋನ್ ಎತ್ತುವುದು ಇನ್ನೊಂದು ಕಿಟ್ ಮಾರೋಕೆ ಮಾತ್ರ.