ಹಳೆಯ ಕಾರಿಗೆ ಟೈರು ಹಾಕಿಸುವವರೇ, ‘15 ಎಂದರೆ 15’ ಎನ್ನುವವರನ್ನು ನಂಬಬೇಡಿ

ಹಳೆಯ ಕಾರು ಇಟ್ಟುಕೊಂಡವರು ದಯವಿಟ್ಟು ಓದಿ. ಸಿಟ್ಟು ಇನ್ನೂ ಇಳಿದಿಲ್ಲ, ಹೇಳಿದ್ದನ್ನೇ ಮತ್ತೆ ಹೇಳಿದರೆ ಸಹಿಸಿಕೊಳ್ಳಿ.

ನನ್ನ ಕಾರಿನ ಮೂಲ ಟೈರು 165 ಆರ್ 15, ಎಂದರೆ ಟೈರಿನ ಅಗಲ 165 ಮಿಲಿಮೀಟರ್, ಅದು ಕೂರುವ ರಿಮ್ಮಿನ ವ್ಯಾಸ 15 ಇಂಚು. ರಿಮ್ಮಿನ ಅಗಲ 4½ ಇಂಚು. ‘4½ ಜೆ’ ಎಂದು ರಿಮ್ಮಿನ ಮೇಲೇ ಅಚ್ಚಾಗಿದೆ. ಹಳೆಯ ಕಾರುಗಳ ಕೆಲಸದಲ್ಲಿ ಪಳಗಿದವನೆಂದು ಹೇಳಿಕೊಳ್ಳುವ ಮಾರಾಟಗಾರನಿಗೆ ಇದನ್ನು ಮೊದಲೇ ತಿಳಿಸಿದ್ದೆ, ಆ ಅಚ್ಚಿನ ಫೋಟೋ ಕೂಡ ಕಳುಹಿಸಿದ್ದೆ. “ಚಿಂತೆ ಬಿಡಿ ಸರ್, ನಾವು ನೋಡಿಕೊಳ್ಳುತ್ತೇವೆ.” ನೋಡಿಕೊಂಡ ಚಂದ ಹೇಗಿತ್ತೆಂದರೆ, ಹಾಕಿ ಕೊಟ್ಟದ್ದು 195/65 ಆರ್ 15! ಅಗಲ 195 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 65 ಭಾಗ.

ಇಷ್ಟು ಅಗಲ ಏಕೆ ಎಂದು ಕೇಳಿದೆ. “15 ಎಂದರೆ 15 ಸರ್. ಒಟ್ಟು ಎತ್ತರವೂ ಹೆಚ್ಚುಕಡಿಮೆ ಒಂದೇ. ಅಗಲದ ಟೈರಿಗೆ ಹಿಡಿತ ಜಾಸ್ತಿ.” ಎತ್ತರದ ಮಾತು ನಿಜ. ಹಳೆಯ 165ರ ವ್ಯಾಸ ಸುಮಾರು 645 ಮಿಲಿಮೀಟರ್, 195/65ರದ್ದು ಸುಮಾರು 635. ಆ ಒಂದು ನಿಜವನ್ನು ಮುಂದಿಟ್ಟೇ ಬಾಯಿ ಮುಚ್ಚಿಸಿದರು. 195/65 ಟೈರಿಗೆ ಕನಿಷ್ಠ 5½ ಇಂಚಿನ ರಿಮ್ ಬೇಕು ಎಂಬುದನ್ನು ಮಾತ್ರ ಯಾರೂ ಉಸುರಲಿಲ್ಲ. ತಯಾರಕರ ಪಟ್ಟಿಯಲ್ಲಿ ಅದು ಕಣ್ಣಿಗೆ ರಾಚುವಂತಿದೆ.

ಕಾರು ಓಡಿಸಿದರೆ ತಿರುವಿನಲ್ಲಿ ಹಿಂಭಾಗ ತೇಲುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಮಡ್‌ಗಾರ್ಡಿನ ಒಳಗೆ ಕರಕರ ಸದ್ದು. ಟೈರಿನ ಮೈಗೆ ಅಡ್ಡಲಾಗಿ ಸೀಮೆಸುಣ್ಣದಿಂದ ಗೆರೆ ಎಳೆದು ಸ್ವಲ್ಪ ದೂರ ಉರುಳಿಸಿದೆ. ನಡುವಿನ ಗೆರೆ ಅಳಿಸಿತ್ತು, ಎರಡೂ ಅಂಚಿನದು ಹಾಗೇ ಇತ್ತು. ಕಿರಿದಾದ ರಿಮ್ ಪಕ್ಕೆಗಳನ್ನು ಒಳಕ್ಕೆ ಎಳೆದು ನಡುಭಾಗವನ್ನು ಉಬ್ಬಿಸಿದರೆ ಹೀಗೆಯೇ ಆಗುವುದು. ಹಿಡಿತ ಜಾಸ್ತಿಯಂತೆ! “ಗಾಳಿ ಸ್ವಲ್ಪ ಇಳಿಸಿ ಸರ್” ಎಂದರು. ಮೊದಲೇ ತೇಲುವ ಟೈರಿಗೆ ಗಾಳಿಯನ್ನೂ ಇಳಿಸಬೇಕಂತೆ.

ಜಗಳ ಕಾಯ್ದ ಮೇಲೆ ಒಂದು ಟೈರು ಬಿಚ್ಚಿದರು. ಮೈ ಉರಿದದ್ದು ಆಗಲೇ. ಆತ ಬರಿಯ ರಿಮ್ಮಿಗೆ ಟೇಪು ಹಿಡಿದು, ಈ ಹೊರ ಅಂಚಿನಿಂದ ಆ ಹೊರ ಅಂಚಿಗೆ ಅಳೆದು, “ನೋಡಿ ಸರ್, 5½ ಇದೆಯಲ್ಲ” ಎಂದ. ಸುತ್ತ ನಿಂತ ಹುಡುಗರೆಲ್ಲ ತಲೆಯಾಡಿಸಿದರು. ರಿಮ್ಮಿನ ಅಗಲ ಅಳೆಯುವುದು ಟೈರು ಕೂರುವ ಜಾಗದಲ್ಲಿ, ಎರಡು ಒಳ ಅಂಚುಗಳ ನಡುವೆ. ಹೊರಗಿನಿಂದ ಅಳೆದರೆ ಸುಮಾರು ಒಂದು ಇಂಚು ಹೆಚ್ಚು ಬಂದೇ ಬರುತ್ತದೆ. ಟೈರು ಮಾರಿ ಬದುಕುವವನಿಗೆ ಇದು ಗೊತ್ತಿಲ್ಲವೇ? ‘4½’ ಎಂಬ ಅಚ್ಚು ಅವನ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು. ಬೆರಳಿಟ್ಟು ತೋರಿಸಿದೆ. “ಹಳೇ ಕಾಲದ ಅಚ್ಚು ಸರ್, ಅದನ್ನೆಲ್ಲ ನೋಡಬಾರದು.”

ಬಿಚ್ಚಿದ ಟೈರಿನ ಒಳಮಗ್ಗುಲಲ್ಲಿ ಇನ್ನೊಂದು ಕಥೆ. ತಯಾರಿಕೆಯ ನಾಲ್ಕು ಅಂಕಿಗಳು 1417, ಎಂದರೆ 2017ರ 14ನೇ ವಾರ. ಹೊಸ ಮಾಲು ಎಂದು ಕೊಟ್ಟದ್ದು ಇದು. ಅಂಕಿ ಇರುವ ಮಗ್ಗುಲನ್ನೇ ಒಳಕ್ಕೆ ತಿರುಗಿಸಿ ಕೂರಿಸಿದ್ದರು.

ಗೆಳೆಯರೆದುರು ಇವರನ್ನೇ ಹೊಗಳಿದ್ದೆ, ಈಗ ಮುಖ ತೋರಿಸಲು ನಾಚಿಕೆ.

ರಿಮ್ಮಿನ ಅಗಲಕ್ಕೆ ಈ ಟೈರು ಒಪ್ಪುತ್ತದೆ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಎದ್ದು ಬನ್ನಿ. ತಯಾರಿಕೆಯ ಅಂಕಿಯನ್ನು ಟೈರು ರಿಮ್ಮಿಗೆ ಏರುವ ಮೊದಲೇ ನೋಡಿ.

ಹಣ ವಾಪಸ್ ಕೇಳಿದ್ದಕ್ಕೆ ನಿನ್ನೆ ಬಂದ ಉತ್ತರ ಇದು: “ಟೈರಿನಲ್ಲಿ ದೋಷವಿಲ್ಲ ಸರ್, ನಿಮ್ಮ ರಿಮ್ಮೇ ಚಿಕ್ಕದು. 6 ಇಂಚಿನ ರಿಮ್ ನಮ್ಮಲ್ಲೇ ಸಿಗುತ್ತದೆ, ಹಾಕಿಸಿಕೊಳ್ಳಿ.”