ಫೋಟೋ ತೋರಿಸ್ಲಿಕ್ಕೆ ವಾಟ್ಸಾಪ್ ಗ್ರೂಪಾ, ಎದುರು ಕೂತಾ?

ಮಲ್ಪೆ ಸೂರ್ಯಾಸ್ತ ಗ್ರೂಪಿಗೆ ಹಾಕಿದ್ರೆ ಎರಡೇ ನಿಮಿಷದಲ್ಲಿ ಸೂಪರ್ ಸೂಪರ್ ಅಂತ ಬರ್ತದೆ, ಖುಷಿಯೂ ಆಗ್ತದೆ, ಆದ್ರೆ ಹಾರಿಜಾನ್, ಅಂದ್ರೆ ಕಡಲು ಆಕಾಶ ಸೇರುವ ಗೆರೆ, ವಾಲಿದೆ ಅಂತ ಒಬ್ರೂ ಹೇಳುದಿಲ್ಲ ಮಾರಾಯ್ರೆ, ಮೇಲಿಂದ ವಾಟ್ಸಾಪ್ ಫೋಟೋನ ಕುಗ್ಗಿಸ್ತದೆ, ಶಾರ್ಪ್ ಉಂಟಾ ನೋಡ್ಬೇಕಾದ್ರೆ ಡಾಕ್ಯುಮೆಂಟ್ ಆಗಿ ಕಳಿಸ್ಬೇಕು.

ಎದುರು ಕೂತ್ಕೊಳ್ಳುದು ನಿಧಾನ. ನಾಲ್ಕು ಜನ ಸೇರುದೇ ಕಷ್ಟ, ಮಳೆಗಾಲದಲ್ಲಂತೂ ಕೇಳುದೇ ಬೇಡ. ಆದ್ರೆ ನನ್ನ ಕಂಬಳದ ಫೋಟೋ ನೋಡಿ ಒಬ್ರು "ನೀರು ಹಾರಿದ್ದು ಚಂದ ಬಂದಿದೆ, ಕೋಣದ ಮುಖ ಮಾತ್ರ ಬ್ಲರ್, ಶಟರ್ ಸ್ಪೀಡ್ 1/250 ಸೆಕೆಂಡ್ ಸಾಕಾಗುದಿಲ್ಲ, 1/1000 ಇಡಿ, ಐಎಸ್ಒ (ಬೆಳಕಿನ ಸೆನ್ಸಿಟಿವಿಟಿ) ಏರಿದ್ರೆ ಏರ್ಲಿ" ಅಂದ್ರು, ಅಂಥ ಮಾತು ಗ್ರೂಪಲ್ಲಿ ಸಿಕ್ಕಿದ್ದೇ ಇಲ್ಲ. ಸ್ವಲ್ಪ ಬೇಜಾರಾಯ್ತು, ಸುಳ್ಳು ಹೇಳುದಿಲ್ಲ.

ಹೊಸಬ್ರಿಗೆ ಗ್ರೂಪ್ ಸಾಕು, ಆದ್ರೆ "ಹೇಗುಂಟು" ಅಂತ ಕೇಳ್ಬೇಡಿ, "ಕ್ರಾಪ್ (ಅಂಚು ಕತ್ತರಿಸಿದ್ದು) ಸರಿ ಉಂಟಾ" ಅಂತ ಕೇಳಿ. ಒಂದು ವರ್ಷ ಕ್ಯಾಮೆರಾ ಹಿಡಿದಾಗಿದ್ರೆ ಎದುರು ಕೂರುದೇ ಒಳ್ಳೇದು.